ಒಂದೇ ಫೈಲಿನಲ್ಲಿ ನಡೆದ ಮದುವೆಗಳು

ನಮ್ಮ ಮಾವನವರು ಕಂಪ್ಯೂಟರಿನ ಮುಂದೆ ಕೂರುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಹೆಗಲ ಮೇಲಿನ ಟವೆಲ್ಲಿನಿಂದ ಪರದೆ ಒರೆಸುತ್ತಾರೆ, ಆಮೇಲೆ ಕೈ ಒರೆಸಿಕೊಳ್ಳುತ್ತಾರೆ, ಕಡೆಗೆ ಅದೇ ಟವೆಲ್ಲನ್ನು ಪ್ರಿಂಟರಿನ ಮೇಲೆ ಹೊದಿಸುತ್ತಾರೆ. ಪ್ರಿಂಟರು ಬಿಸಿಯಾಗುತ್ತದೆ, ಹೊದಿಸಬೇಡಿ ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ. "ಧೂಳು ಕೂತ್ಕೊಳ್ಳೋದಕ್ಕಿಂತ ಸೆಕೆ ವಾಸಿ ಕಣಮ್ಮ" ಎನ್ನುತ್ತಾರೆ. ಮಗನನ್ನೂ ಹಾಗೇ ಬೆಳೆಸಿದ್ದಾರೆ, ನನ್ನ ಗಂಡ ಬೇಸಿಗೆಯಲ್ಲೂ ರಗ್ಗು ಹೊದ್ದು ಮಲಗುತ್ತಾನೆ.

ವಿಜಯನಗರದಲ್ಲಿ ನಮ್ಮದು ಆಹ್ವಾನ ಪತ್ರಿಕೆ ಅಚ್ಚು ಹಾಕುವ ಅಂಗಡಿ. ಗಂಡ ಬೇರೆ ಕೆಲಸದಲ್ಲಿದ್ದಾನೆ, ಅಂಗಡಿ ನಡೆಸುವವರು ಮಾವ ಮತ್ತು ನಾನು. ಹೂಟಗಳ್ಳಿ, ಮೇಟಗಳ್ಳಿ ಕಡೆಯ ಕಾರ್ಖಾನೆ ಕುಟುಂಬಗಳೇ ಹೆಚ್ಚಿನ ಗಿರಾಕಿಗಳು. ಒಬ್ಬರ ಮನೆಯ ಮದುವೆಗೆ ಬಂದವರು ಇನ್ನೊಬ್ಬರಿಗೆ ಹೇಳುತ್ತಾರೆ, ಅವರು ಮತ್ತೊಬ್ಬರಿಗೆ ಹೇಳುತ್ತಾರೆ. ಮೊಬೈಲಿನಲ್ಲೇ ಕರೆಯೋಲೆ ಕಳಿಸುವ ಈ ಕಾಲದಲ್ಲೂ, ದೇವರ ಮುಂದೆ ಇಡಲಿಕ್ಕೆ ಮತ್ತು ಹಿರಿಯರ ಕೈಗೆ ಕೊಡಲಿಕ್ಕೆ ಕಾಗದದ ಕಾರ್ಡೇ ಬೇಕು. ನಮ್ಮ ಅನ್ನ ಅದರಲ್ಲಿದೆ.

ಮಾವನವರು ಮೊದಲು ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಸಾಲು ಮಾಡಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಅಚ್ಚು ಹಾಕುವ ಕೆಲಸ. ಆಗ ಒಂದು ಮದುವೆಯ ಕಾರ್ಡು ಮುಗಿದರೆ ಚೌಕಟ್ಟನ್ನು ಯಾರೂ ಪೂರ್ತಿ ಬಿಚ್ಚುತ್ತಿರಲಿಲ್ಲವಂತೆ. ಹೆಣ್ಣು, ಗಂಡು, ದಿನ, ಛತ್ರ ಇವಿಷ್ಟನ್ನು ಚಿಮುಟದಲ್ಲಿ ಕಿತ್ತು ಹೊಸದು ಕೂರಿಸಿದರೆ ಮುಂದಿನ ಮದುವೆ ತಯಾರು. "ಗುರುಹಿರಿಯರು ನಿಶ್ಚಯಿಸಿರುವಂತೆ" ಎಂಬ ಸಾಲು ನಮ್ಮ ಅಂಗಡಿಯಲ್ಲಿ ಎಷ್ಟೋ ವರ್ಷ ಬಿಚ್ಚದೆ ನಿಂತಿತ್ತೆಂದು ಮಾವ ಹೆಮ್ಮೆಯಿಂದ ಹೇಳುತ್ತಾರೆ.

ಆ ಯಂತ್ರ ಗುಜರಿಗೆ ಹೋಗಿ ಕಂಪ್ಯೂಟರ್ ಬಂದಾಗ ಚೌಕಟ್ಟು ಹೋಯಿತು, ಅಭ್ಯಾಸ ಹೋಗಲಿಲ್ಲ. ಡೆಸ್ಕ್‌ಟಾಪಿನ ಮೇಲೆ ಮಾವನವರದು ಮೂರೇ ಫೈಲು. ಮದುವೆ, ಗೃಹಪ್ರವೇಶ, ತಿಥಿ. ಮನುಷ್ಯನ ಬಾಳಿಗೆ ಇಷ್ಟು ಸಾಕೆಂಬುದು ಅವರ ಲೆಕ್ಕ.

"ನಾಮಕರಣಕ್ಕೆ?" ಎಂದು ಕೇಳಿದ್ದೆ.

"ಗೃಹಪ್ರವೇಶದ್ದರಲ್ಲೇ ಮಾಡ್ಕೊಂಡ್ರಾಯ್ತು. ಅದೂ ಹೊಸಬರು ಮನೆಗೆ ಬರೋದೇ ತಾನೆ?"

ಹೊಸ ಗಿರಾಕಿ ಬಂದರೆ ಮದುವೆ ಫೈಲು ತೆರೆಯುವುದು, ಹಿಂದಿನ ಗಂಡು ಹೆಣ್ಣನ್ನು ಅಳಿಸುವುದು, ಹೊಸ ಗಂಡು ಹೆಣ್ಣನ್ನು ಅದೇ ಜಾಗದಲ್ಲಿ ಕೂರಿಸುವುದು, ಸೇವ್ ಒತ್ತುವುದು. ಹಿಂದಿನ ಮದುವೆ ಅಲ್ಲಿಗೆ ಅಳಿಸಿಹೋಯಿತು. ಹೀಗೆ ಪ್ರತಿ ಮದುವೆಯೂ ಅದಕ್ಕೂ ಮುಂಚಿನ ಮದುವೆಯ ಬೆನ್ನ ಮೇಲೆ ಕೂತೇ ನಡೆಯುತ್ತಿತ್ತು.

ನಾನಾದರೋ ಮೂರು ತಿಂಗಳ ಬೇಸಿಕ್ ಕಂಪ್ಯೂಟರ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಈ ಮನೆಗೆ ಸೊಸೆಯಾಗಿ ಬಂದವಳು. ನನಗೆ ಮೈ ಉರಿಯುತ್ತಿತ್ತು. "ಮಾವ, ಹಳೇದನ್ನ ಹಾಗೇ ಇಟ್ಟು, ಸೇವ್ ಆ್ಯಸ್ ಒತ್ತಿ ಹೊಸ ಹೆಸರು ಕೊಡಬೇಕು. ಆಗ ಎರಡೂ ಇರುತ್ತೆ" ಎಂದರೆ, ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಮುಗಿದೋದ ಮದುವೆ ಇಟ್ಕೊಂಡು ಏನ್ ಮಾಡ್ತೀಯಮ್ಮ? ಅದೇ ಗಂಡು ಅದೇ ಹೆಣ್ಣು ಇನ್ನೊಂದ್ಸಲ ಮದುವೆ ಆಗ್ತಾರಾ?"

ನಾನು ನನ್ನ ಪಾಲಿನ ಫೈಲುಗಳಿಗೆ ಸೇವ್ ಆ್ಯಸ್ ಒತ್ತಿಕೊಂಡು ಹೋದೆ.

ಅವಾಂತರಗಳು ಆಗುತ್ತಲೇ ಇದ್ದವು. ಶಿವನ ಒಕ್ಕಲಿನ ಮನೆಯ ಕಾರ್ಡಿನ ನೆತ್ತಿಯ ಮೇಲೆ ಹಿಂದಿನ ಮದುವೆಯ ವೆಂಕಟರಮಣ ಪ್ರಸನ್ನನಾಗಿ ಕೂತುಬಿಟ್ಟಿದ್ದ. ಒಮ್ಮೆ ಛತ್ರ ಬದಲಾಗಿರಲಿಲ್ಲ, ಇನ್ನೊಮ್ಮೆ ಗಂಡು ಹಳೆಯವನೇ ಇದ್ದ. ಎಲ್ಲವೂ ಪ್ರೂಫಿನಲ್ಲಿ ಸಿಕ್ಕಿಬಿದ್ದವು, ಮಾವ ಎಲ್ಲಕ್ಕೂ ಕಂಪ್ಯೂಟರನ್ನು ಬೈದರು.

ನನ್ನ ಕಥೆ ಅದಕ್ಕಿಂತ ಚೆನ್ನಾಗಿತ್ತು ಎನ್ನುವ ಹಾಗಿಲ್ಲ. ನಾನು ನನ್ನ ಪಾಲಿನ ಕೆಲಸವನ್ನು ವಿಧಿವತ್ತಾಗಿ ಜೋಡಿಸಿದೆ. ವರ್ಷಕ್ಕೊಂದು ಫೋಲ್ಡರು, ಅದರೊಳಗೆ ತಿಂಗಳು, ಅದರೊಳಗೆ ಬಡಾವಣೆ, ಅದರೊಳಗೆ ಮನೆತನ, ಅದರೊಳಗೆ ಸಮಾರಂಭ. ಆದರೆ ಹೆಣ್ಣು ಹೂಟಗಳ್ಳಿಯದು, ಗಂಡು ಮೇಟಗಳ್ಳಿಯವನಾದರೆ ಯಾವ ಬಡಾವಣೆಯಲ್ಲಿ ಇಡುವುದು? ಎರಡರಲ್ಲೂ ಇಟ್ಟೆ. ಹೂಟಗಳ್ಳಿಯದನ್ನು ತಿದ್ದಿ ಮೇಟಗಳ್ಳಿಯದನ್ನು ಅಚ್ಚಿಗೆ ಕೊಟ್ಟೆ. ಇನ್ನೊಂದು ದಿನ ಗಿರಾಕಿ ಎದುರಿಗೆ ನಿಂತಿರುವಾಗ ಫೋಲ್ಡರಿನೊಳಗೆ ಫೋಲ್ಡರು ತೆರೆಯುತ್ತಾ ಹೋಗಿ, ಕಡೆಗೆ "ನ್ಯೂ ಫೋಲ್ಡರ್" ಎಂಬ ಹೆಸರಿನ ಖಾಲಿ ಕೋಣೆಯಲ್ಲಿ ನಿಂತುಬಿಟ್ಟೆ. ಮಾವನವರು ಹಿಂದಿನಿಂದ ಮೆಲ್ಲಗೆ, "ಎಷ್ಟು ಬಾಗಿಲು ಮಾಡಿದೀಯಮ್ಮ, ಕಳ್ಳ ಬಂದ್ರೂ ದಾರಿ ಸಿಕ್ದೆ ಅಲ್ಲೇ ಕೂತು ಅತ್ತುಬುಡ್ತಾನೆ" ಎಂದರು. ಗಿರಾಕಿ ನಕ್ಕ. ನನಗೆ ನಗು ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹೂಟಗಳ್ಳಿಯ ಗಿರಾಕಿಯೊಬ್ಬರು ಅಂಗಡಿಗೆ ನುಗ್ಗಿದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹಿಂದಿನ ವಾರವಷ್ಟೇ ಅವರ ದೊಡ್ಡ ಮಗಳ ಮದುವೆ ಆಗಿತ್ತು, ಕಾರ್ಡು ನಮ್ಮಲ್ಲೇ ಆಗಿತ್ತು. ಕೌಂಟರಿನ ಮೇಲೆ ಕಾರ್ಡು ಇಟ್ಟು, ಅದರ ಪಕ್ಕದಲ್ಲಿ ಮೊಬೈಲು ಇಟ್ಟರು. ಮೊಬೈಲಿನಲ್ಲಿ ಮದುವೆಯ ಫೋಟೊ. ಗಂಡು ಹೆಣ್ಣಿನ ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಷರಟಿನ ಹಿರಿಯರೊಬ್ಬರು ತುಂಬ ಸಂತೋಷದಿಂದ ನಿಂತಿದ್ದರು.

"ಇವ್ರು ಯಾರು ಹೇಳಿ."

"ನಮಗೇನು ಗೊತ್ತು ಸರ್, ನಿಮ್ಮ ನೆಂಟರು" ಎಂದೆ.

"ನಮ್ಮ ನೆಂಟರಲ್ಲ ಕಣ್ರೀ! ನಾವು ಗಂಡಿನ ಕಡೆಯೋರು ಅಂದ್ಕೊಂಡ್ವಿ. ಬೀಗರು ನಮ್ಮ ಕಡೆಯೋರು ಅಂದ್ಕೊಂಡಿದಾರೆ. ನಿನ್ನೆ ಫೋಟೊ ನೋಡ್ತಾ ಕೂತಾಗ ಇಬ್ರಿಗೂ ಗೊತ್ತಿಲ್ಲ ಅಂತ ಗೊತ್ತಾಯ್ತು. ಮಗಳು ಅಳಿಯ ಇಬ್ರೂ ಕಾಲಿಗೆ ಬಿದ್ದಿದಾರೆ. ಬೀಗರು ಶಾಲು ಹೊದಿಸಿದಾರೆ!"

ಮಾವ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಇಂಥ ಸುದ್ದಿಯೆಂದರೆ ಇಷ್ಟ.

"ಛತ್ರದ ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ಪನ್ನೀರು ಹಾಕಿದಾರೆ. ಊಟ ಮಾಡ್ಕೊಂಡೇ ಹೋಗ್ಬೇಕು ಅಂತ ನನ್ನ ಸ್ವಂತ ತಮ್ಮಂಗೇ ಹೇಳಿದಾರೆ. ಮೂರನೇ ಪಂಕ್ತಿಗೆ ಹಪ್ಪಳ ಸಾಲಲ್ಲ ಅಂತ ಅಡುಗೆಯವರಿಗೆ ಬೈದಿದಾರೆ."

"ಸಾಲಲಿಲ್ವಾ?" ಎಂದರು ಮಾವ.

"ಅವ್ರು ಬೈದಿದ್ದಕ್ಕೆ ಸಾಕಾಯ್ತು. ಅದಲ್ಲ ವಿಷಯ! ನನ್ನ ತಮ್ಮ ತಾವು ಯಾರು ಅಂತ ಕೇಳಿದ್ದಕ್ಕೆ ಕಾರ್ಡು ತೆಗೆದು ತೋರಿಸಿದಾರೆ. ಇದೇ ನಾನು ಅಂತ. ನೋಡಿ ಇಲ್ಲಿ."

ಅವರ ಬೆರಳು ಕಾರ್ಡಿನ ಕೆಳಗೆ, "ತಮ್ಮ ಸುಖಾಗಮನವನ್ನು ಬಯಸುವವರು" ಎಂಬ ಸಣ್ಣಕ್ಷರದ ಸಾಲುಗಳ ಕಡೆಯ ಹೆಸರಿನ ಮೇಲಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆಗಲೇ ಬೇಕಾದಷ್ಟು ಸಲ ಅಚ್ಚಾಗಿದೆ.

ಫೈಲು ತೆರೆದು ನೋಡಿದೆ. ನೆಂಟರ ಹೆಸರುಗಳೆಲ್ಲ ಒಂದು ದೊಡ್ಡ ಡಬ್ಬಿಯೊಳಗಿದ್ದವು, ಟೆಕ್ಸ್ಟ್ ಬಾಕ್ಸು ಎನ್ನುತ್ತಾರಲ್ಲ, ಅದು. ಈ ಕಡೆಯ ಹೆಸರು ಮಾತ್ರ ಅದರ ಕೆಳಗೆ ಅಂಟಿಕೊಂಡಂತೆ ಬೇರೆಯದೇ ಪುಟ್ಟ ಡಬ್ಬಿಯಲ್ಲಿತ್ತು. ಮಾವ ಪ್ರತಿ ಸಲ ದೊಡ್ಡ ಡಬ್ಬಿಯೊಳಗಿನದನ್ನು ಅಳಿಸಿ ಹೊಸ ನೆಂಟರನ್ನು ತುಂಬುತ್ತಿದ್ದರು. ಪುಟ್ಟ ಡಬ್ಬಿ ಅಲುಗಾಡದೆ ಅಲ್ಲೇ ಉಳಿಯುತ್ತಿತ್ತು. ಅಂಗಡಿಯಲ್ಲಿ ಮಾದರಿಗೆಂದು ದಾರದಲ್ಲಿ ತೂಗುಹಾಕಿದ್ದ ಕಾರ್ಡುಗಳನ್ನು ಇಳಿಸಿ ನೋಡಿದೆ. ಮಾವ ಮಾಡಿದ ಒಂದೊಂದರಲ್ಲೂ ಆ ಮನುಷ್ಯ ಕಟ್ಟಕಡೆಯಲ್ಲಿ ನಿಂತು ಎಲ್ಲರ ಸುಖಾಗಮನವನ್ನೂ ಬಯಸುತ್ತಿದ್ದರು. ಪುಣ್ಯಕ್ಕೆ ತಿಥಿ ಫೈಲಿನಲ್ಲಿ ಇರಲಿಲ್ಲ.

ಮಾವನವರ ಮುಖ ಸಣ್ಣಗಾಯಿತು. ನೆನಪಾಗಿತ್ತು. ಕಂಪ್ಯೂಟರಿನಲ್ಲಿ ಅವರು ಮಾಡಿದ ಮೊಟ್ಟಮೊದಲ ಮದುವೆ ಮೇಟಗಳ್ಳಿಯದು. ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಹೆಣ್ಣಿನ ಮನೆಯವರು ಓಡಿಬಂದು, ಹುಡುಗಿಯ ಸೋದರಮಾವನ ಹೆಸರೇ ಬಿಟ್ಟುಹೋಗಿದೆ, ಹೇಗಾದರೂ ಸೇರಿಸಿ ಎಂದು ಗೋಗರೆದರಂತೆ. ದೊಡ್ಡ ಡಬ್ಬಿಯಲ್ಲಿ ಜಾಗ ಮಾಡುವುದು ಮಾವನಿಗೆ ಗೊತ್ತಿರಲಿಲ್ಲ, ಕೆಳಗೆ ಹೊಸ ಡಬ್ಬಿ ಮಾಡಿ ಅಂಟಿಸಿದರು.

ಇಷ್ಟು ಮದುವೆಗಳಲ್ಲಿ ಒಬ್ಬರಾದರೂ ಯಾಕೆ ನೋಡಲಿಲ್ಲ ಎಂದು ನನಗೆ ಆಶ್ಚರ್ಯ. ಮಾವನಿಗೆ ಆಗಲಿಲ್ಲ. "ಪ್ರೂಫ್ ನೋಡೋರು ಯಾರ ಹೆಸರು ಬಿಟ್ಟೋಗಿದೆ ಅಂತ ನೋಡ್ತಾರೆ ಕಣಮ್ಮ. ಬಿಟ್ಟೋದ್ರೆ ಜಗಳ. ಹೆಚ್ಚಿಗೆ ಇದ್ರೆ ಯಾರಿಗೇನು?"

"ನನಗಿದೆ ರೀ!" ಎಂದರು ಸೂಪರ್‌ವೈಸರು. "ಇನ್ನೊಬ್ಬ ಮಗಳಿದಾಳೆ ನಂಗೆ. ಆ ಮದುವೆಗೂ ಇವ್ರು ಬಂದು ಬಾಗಿಲಲ್ಲಿ ನಿಂತ್ರೆ ಆ ಬೀಗರಿಗೆ ಏನಂತ ಹೇಳ್ಲಿ? ನೀವೇ ಹೋಗಿ ಆ ಮನುಷ್ಯಂಗೆ ತಿಳಿಸಿ ಬರಬೇಕು. ಇಲ್ಲದಿದ್ರೆ ಎಲ್ಲ ಗಿರಾಕಿಗಳಿಗೂ ಹೇಳ್ತೀನಿ."

ಅಂದು ಮಧ್ಯಾಹ್ನವೇ ಸ್ಕೂಟರಿನಲ್ಲಿ ಮಾವನನ್ನು ಹಿಂದೆ ಕೂರಿಸಿಕೊಂಡು ಮೇಟಗಳ್ಳಿಗೆ ಹೋದೆ. ನಾಲ್ಕು ಜನರನ್ನು ಕೇಳುವ ಮೊದಲೇ ಮನೆ ಸಿಕ್ಕಿತು. "ಮದುವೆ ಯಜಮಾನ್ರಾ?" ಎಂದು ತೋರಿಸಿದರು.

ಒಂದೇ ಕೋಣೆಯ ಮನೆ. ಕಾರ್ಖಾನೆಯಿಂದ ನಿವೃತ್ತರು, ಮದುವೆ ಮಾಡಿಕೊಂಡವರಲ್ಲ. ತಂಗಿ ತೀರಿಕೊಂಡ ಮೇಲೆ ಅವಳ ಮಗಳ, ಆ ಮೊದಲ ಕಾರ್ಡಿನ ಹುಡುಗಿಯ ಮನೆಯ ಓಡಾಟವೂ ನಿಂತಿತ್ತಂತೆ. ಗೋಡೆಯ ದೇವರ ಪಟಗಳ ಕೆಳಗೆ ನಮ್ಮ ಅಂಗಡಿಯ ಕಾರ್ಡುಗಳನ್ನು ಒಪ್ಪವಾಗಿ ಸಾಲಾಗಿ ಸಿಕ್ಕಿಸಿದ್ದರು. ನನ್ನ ಐದು ಅಂತಸ್ತಿನ ಫೋಲ್ಡರಿಗಿಂತ ಅದು ಅಚ್ಚುಕಟ್ಟಾಗಿತ್ತು. ಬೀಗರು ಹೊದಿಸಿದ ಶಾಲು ಗೂಟದಲ್ಲಿ ತೂಗುತ್ತಿತ್ತು.

"ಬನ್ನಿ ಬನ್ನಿ, ಕುಂತ್ಕಳಿ. ಅಚ್ಚಿನ ಅಂಗಡಿಯೋರಾ? ನಿಮ್ ಅಂಗಡಿ ಎಸ್ರು ಕಾರ್ಡಿನ ಇಂದ್ಗಡೆ ಓದಿವ್ನಿ."

ಅವರಾಗಿಯೇ ಹೇಳಿದರು. ಪಕ್ಕದ ಮನೆಗೆ ಬಂದ ಕಾರ್ಡೊಂದನ್ನು ಯಾರೋ ತಂದು ತೋರಿಸಿ, ನಿಮ್ಮ ಹೆಸರಿದೆಯಲ್ಲ ಎಂದರಂತೆ. ಹೆಸರು ಹೌದು, ಇನಿಷಿಯಲ್ಲೂ ಹೌದು, ಮೇಟಗಳ್ಳಿ ಎಂದೂ ಇದೆ. ಜೊತೆಯಲ್ಲಿ ದುಡಿದವರು ಯಾರೋ ನೆನಪಿಟ್ಟುಕೊಂಡು ಪ್ರೀತಿಯಿಂದ ಹಾಕಿಸಿದ್ದಾರೆ ಎಂದುಕೊಂಡರು. ಆಮೇಲೆ ಇನ್ನೊಂದು ಕಾರ್ಡು ಬಂತು, ಮತ್ತೊಂದು ಬಂತು.

"ಯಾರೂ ಮನೆಗೆ ಬಂದು ಕರೀಲಿಲ್ವಾ?" ಎಂದು ಕೇಳಿದೆ.

"ಎಸ್ರು ಆಕಿದ ಮ್ಯಾಲೆ ನಾನು ಮನೆಯೋನೇ ಆದ್ನಲ್ಲವ್ವ. ಮನೆಯೋನ್ನ ಯಾರು ಕರೀತಾರೆ? ಊರ್ನೋರ್ನೆಲ್ಲ ಬನ್ನಿ ಅಂತ ಕರ್ದು ನಾನೇ ಓಗ್ದೆ ಇದ್ರೆ ಎಂಗೆ? ಜನ ಏನಂದಾರು?"

ಬರಿಗೈಲಿ ಹೋದವರಲ್ಲ. ಪ್ರತಿ ಮದುವೆಗೂ ಒಂದು ಸ್ಟೀಲಿನ ಚೊಂಬು ಮುಯ್ಯಿ ಕೊಟ್ಟಿದ್ದರು. ಕೋಣೆಯ ಮೂಲೆಯಲ್ಲಿ ಮುಂದಿನ ಮದುವೆಗಳಿಗೆಂದು ಇನ್ನೂ ಕೆಲವು ಚೊಂಬುಗಳು ಕಾಗದ ಸುತ್ತಿಕೊಂಡು ಕಾಯುತ್ತಿದ್ದವು.

ನಾನು ಮಾವನ ಮುಖ ನೋಡಿದೆ. ಹೇಳಬೇಕಾದವರು ಅವರು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಅಚ್ಚಿನಲ್ಲಿ ಒಂದು ತಪ್ಪಾಗಿದೆ ಯಜಮಾನ್ರೇ. ಅದನ್ನ ಹೇಳೋಣ ಅಂತ ಬಂದ್ವಿ. ನಿಮ್ಮ ಹೆಸರು... ಸ್ವಲ್ಪ ಸಣ್ಣಕ್ಷರದಲ್ಲಿ ಬಿದ್ದೋಗಿದೆ. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಅದಕ್ಯಾಕೆ ಬುಡಿ! ಕಡೇಲಿದ್ರೂ ಐತಲ್ಲ, ಸಾಕು."

ಕಾಫಿ ಕುಡಿದು ಬಂದೆವು. ದಾರಿಯುದ್ದಕ್ಕೂ ನಾನು ಮಾವನನ್ನು ಬೈದೆ. ಅವರು ಹಿಂದೆ ಕೂತು, "ಗಾಳಿಗೆ ಏನೂ ಕೇಳಿಸ್ತಿಲ್ಲ ಕಣಮ್ಮ" ಎಂದರು. ಬೈದೆನೇ ಹೊರತು ನನ್ನ ಬಾಯಿಗೂ ಅಲ್ಲಿ ಬೀಗ ಬಿದ್ದಿತ್ತು.

ಹೇಳದೇ ಇದ್ದ ಮೇಲೆ ಉಳಿದದ್ದು ಒಂದೇ ದಾರಿ. ಅಂಗಡಿಗೆ ಬಂದವಳೇ ಪುಟ್ಟ ಡಬ್ಬಿಯ ಮೇಲೆ ಒತ್ತಿ ಡಿಲೀಟ್ ಮಾಡಿದೆ. ಸದ್ದೇ ಆಗಲಿಲ್ಲ. ಆಮೇಲೆ ಎಲ್ಲ ಹೆಸರುಗಳನ್ನೂ ತೆಗೆದು, ಜಾಗಗಳಲ್ಲಿ ಬರಿಯ ಚುಕ್ಕಿ ಇಟ್ಟು ಹೊಸ ಫೈಲು ಮಾಡಿದೆ. ಪ್ರತಿ ಮದುವೆಗೂ ಅದನ್ನು ತೆರೆದು ಮೊದಲು ಸೇವ್ ಆ್ಯಸ್ ಮಾಡಬೇಕು, ಆಮೇಲೆ ಬೆರಳಾಡಿಸಬೇಕು ಎಂದೆ. ಮಾವ ಎದುರು ಮಾತಾಡದೆ ಕಲಿತರು. ಫೈಲಿಗೆ ಅವರೇ "ಖಾಲಿ ಮದುವೆ" ಎಂದು ಹೆಸರಿಟ್ಟರು. ನಾನೂ ನನ್ನ ಅಂತಸ್ತುಗಳನ್ನು ಕೆಡವಿ ಎರಡಕ್ಕೆ ಇಳಿಸಿದೆ. ವರ್ಷ, ಅದರೊಳಗೆ ಮನೆಯವರ ಹೆಸರು, ಅಷ್ಟೆ. ಅಂಗಡಿ ಸರಿಹೋಯಿತು, ಯಾವ ಫೈಲು ಕೇಳಿದರೂ ಕ್ಷಣದಲ್ಲಿ ಸಿಗುತ್ತಿತ್ತು. ನನಗೆ ಮಾತ್ರ ಖುಷಿಯಾಗಲಿಲ್ಲ. ಒಂದೊಂದು ಕಾರ್ಡು ಅಚ್ಚಾಗಿ ಹೊರಬರುವಾಗಲೂ ಕಣ್ಣು ತಾನಾಗಿ ಕಡೆಯ ಸಾಲಿಗೆ ಹೋಗುತ್ತಿತ್ತು, ಆ ಚೊಂಬುಗಳು ನೆನಪಾಗುತ್ತಿದ್ದವು.

ಕೆಲವು ತಿಂಗಳು ಕಳೆದ ಮೇಲೆ ಅವರೇ ಅಂಗಡಿಗೆ ಬಂದರು. ಅದೇ ಬಿಳಿ ಪಂಚೆ. ಮಾವನವರು ಅವರನ್ನು ಕಂಡದ್ದೇ, ಪಕ್ಕದ ಅಂಗಡಿಗೆ ಏನೋ ಕೊಡಬೇಕೆಂದು ಹೇಳಿ ಹಿಂಬಾಗಿಲಿನಿಂದ ಮಾಯವಾದರು.

"ಏನವ್ವ, ಈಚೀಚೆಗೆ ಮದುವೆಗಳೇ ಕಮ್ಮಿ ಆಗೋದ್ವ? ಪಕ್ಕದ ಮನೆಗೆ ಕಾರ್ಡು ಬತ್ತಾವೆ, ಅದ್ರಲ್ಲಿ ನನ್ನೆಸ್ರೇ ಇಲ್ಲ. ಯಾರ್ಗಾದ್ರೂ ನನ್ ಮ್ಯಾಲೆ ಬೇಜಾರಾಯ್ತಾ? ಅಪ್ಪಳದ ಇಚಾರ್ದಲ್ಲಿ ಒಸಿ ಜೋರು ಮಾಡಿದ್ದೆ."

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ಯಾರೋ ಮುನಿಸಿಕೊಂಡಿದ್ದಾರೆ ಎಂದು ಅವರು ಕೊರಗುವುದಕ್ಕಿಂತ ನಿಜವೇ ವಾಸಿ ಎನ್ನಿಸಿತು. ಕುರ್ಚಿ ಕೊಟ್ಟು, ಪರದೆಯ ಮುಂದೆ ಕೂರಿಸಿ, ಅಳಿಸಿದ್ದ ಡಬ್ಬಿಯನ್ನು ಮತ್ತೆ ಮಾಡಿ ತೋರಿಸಿದೆ. ಇದು ದೊಡ್ಡ ಡಬ್ಬಿ, ಇದು ಪುಟ್ಟ ಡಬ್ಬಿ. ಇದನ್ನು ಅಳಿಸಿದರೆ ಇದು ಹೋಗುತ್ತದೆ, ಅದು ಅಲ್ಲೇ ಇರುತ್ತದೆ. ಅವರು ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿದರು.

"ಅಂಗಾದ್ರೆ ಯಾರೂ ಬರೆಸಿದ್ದಲ್ಲ."

"ಇಲ್ಲ."

ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ, "ಓಗ್ಲಿ ಬುಡವ್ವ. ಉಂಡಿದ್ದಂತೂ ದಿಟ" ಎಂದು ನಕ್ಕು ಎದ್ದರು. ಆ ನಗು ನೋಡಲಿಕ್ಕೆ ನನ್ನಿಂದಾಗಲಿಲ್ಲ. ಅವರು ಹೋದ ಮೇಲೆ ಮಾವ ಹಿಂಬಾಗಿಲಿನಿಂದ ಬಂದು, ಏನೂ ಕೇಳದೆ ಪ್ರಿಂಟರಿನ ಮೇಲಿನ ಟವೆಲ್ಲನ್ನು ಮಡಿಸುವುದು ಬಿಡಿಸುವುದು ಮಾಡುತ್ತಿದ್ದರು.

ಮುಂದಿನ ವರ್ಷ ಹೂಟಗಳ್ಳಿಯ ಸೂಪರ್‌ವೈಸರು ಎರಡನೇ ಮಗಳ ಮದುವೆಯ ಕಾರ್ಡಿಗೆ ಬಂದರು. ಬೇರೆ ಅಂಗಡಿಗೆ ಹೋಗುತ್ತಾರೆ ಎಂದುಕೊಂಡಿದ್ದೆವು. ಖಾಲಿ ಮದುವೆ ತೆರೆದು, ಸೇವ್ ಆ್ಯಸ್ ಮಾಡಿ, ಅವರು ಬರೆದುಕೊಟ್ಟ ಹೆಸರುಗಳನ್ನು ಒಂದೂ ಹೆಚ್ಚಿಲ್ಲದಂತೆ ಕೂರಿಸಿ, ಪ್ರೂಫ್ ತೆಗೆದುಕೊಟ್ಟೆ. ಅವರು ಪೆನ್ನು ಹಿಡಿದು ಸಾಲು ಸಾಲು ಓದಿದರು. ಕಡೆಯ ಸಾಲಿಗೆ ಬಂದಾಗ ಹುಬ್ಬು ಗಂಟಾಯಿತು. ಇನ್ನೆಲ್ಲಿ ಯಾವ ಡಬ್ಬಿ ಉಳಿದಿದೆಯೋ ಶಿವನೇ!

"ಒಂದು ಹೆಸರು ಬಿಟ್ಟೋಗಿದೆಯಲ್ರೀ."

"ನೀವು ಕೊಟ್ಟಿದ್ದೆಲ್ಲ ಇದೆ ಸರ್."

"ನಾನೇ ಕೊಡೋದು ಮರೆತಿದ್ದೆ ಅಂತಿಟ್ಕೊಳ್ಳಿ. ಅವ್ರದು ಕಣ್ರೀ, ಮೇಟಗಳ್ಳಿಯವರದು." ಅವರು ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ಹಾಕಿದರು. "ದೊಡ್ಡವಳ ಬೀಗರು ಫೋನ್ ಮಾಡಿದಾಗೆಲ್ಲ ಹುಡುಗಿಯ ದೊಡ್ಡಪ್ಪ ಆರೋಗ್ಯವಾಗಿದಾರಾ ಅಂತ ಕೇಳ್ತಾರೆ. ಆಗ ಹೇಳಿದ್ವಿ, ಯಾರೋ ಏನೋ, ನಮ್ಮವರಲ್ಲ ಅಂತ. ಅವರು ನಂಬಲ್ಲ. ಹೆಣ್ಣಿನ ಮನೆಯೋರು ದಾಯಾದಿ ಜಗಳಕ್ಕೆ ಹಿರಿಯರನ್ನ ದೂರ ಇಟ್ಟಿದಾರೆ ಅಂತ ನಮ್ಮನ್ನೇ ಬೈತಾರೆ! ಅವ್ರು ಬರ್ಲಿ. ಬಾಗಿಲಲ್ಲಿ ನಿಂತು ಬಂದೋರನ್ನ ಮಾತಾಡ್ಸೋಕೆ ನಮ್ಮ ಮನೇಲಿ ಒಬ್ಬರಿಗೂ ಬರಲ್ಲ."

ಮಾವ ಕುರ್ಚಿಯಿಂದ ಎದ್ದರು. "ಬೇರೆ ಡಬ್ಬಿ ಬೇಡ ಕಣಮ್ಮ. ಒಳಗೇ ಹಾಕು."

ದೊಡ್ಡ ಡಬ್ಬಿಯೊಳಗೆ, ಹುಡುಗಿಯ ದೊಡ್ಡಪ್ಪಂದಿರ ಸಾಲಿನಲ್ಲಿ ಜಾಗ ಮಾಡಿದೆ. ಹೆಸರನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಬೆರಳಿಗೇ ಬಂದುಬಿಟ್ಟಿತು. ಟೈಪು ಮಾಡುವಾಗ ಕಣ್ಣು ಮಂಜಾಯಿತು, ಆದರೂ ತಪ್ಪಾಗಲಿಲ್ಲ.

ಮೊದಲ ಕಾರ್ಡು ಪ್ರಿಂಟರಿನಿಂದ ಹೊರಬಂದಾಗ ಮಾವ ಅದನ್ನು ಟವೆಲ್ಲಿನಲ್ಲಿ ಹಿಡಿದು, "ನಾನೇ ಮೇಟಗಳ್ಳಿಗೆ ಕೊಟ್ಟುಬರ್ತೀನಿ, ನಾನು ಹೇಳ್ಬೇಕಾದ್ದು ಒಂದು ಬಾಕಿ ಇದೆ" ಎಂದರು.

ಸೂಪರ್‌ವೈಸರು ಕೈಯೊಡ್ಡಿ ಕಾರ್ಡು ಇಸಿದುಕೊಂಡರು. "ನೀವು ಜೊತೆಗೆ ಬನ್ನಿ, ಮನೆ ತೋರಿಸಿ. ಕೊಡೋದು ನಾನು ಕೊಡ್ತೀನಿ. ಮನೆಗೆ ಹೋಗಿ ಕರೀದೇ ಇದ್ರೆ ಆಗುತ್ತಾ?" ಎಂದು, ನಮ್ಮ ದೇವರ ಪಟದ ಮುಂದಿದ್ದ ಬಟ್ಟಲಿನಿಂದ ಅರಿಶಿನ ತೆಗೆದು ಕಾರ್ಡಿನ ನಾಲ್ಕು ಮೂಲೆಗೂ ಹಚ್ಚಿದರು.